ನಸೀಬೋ, ಜಾಣತನವೋ?

ಖಾನಾಪುರದಿಂದ ಬೆಳಗಾವಿಯ ಕಾಲೇಜುಗಳಿಗೆ ದಿನವೂ ಬಸ್ಸಿನಲ್ಲಿ ಓಡಾಡುವ ಹುಡುಗರಿಗೆ ವಾದಕ್ಕೊಂದು ವಿಷಯ ಬೇಕೇ ಬೇಕು. ಐಪಿಎಲ್ ಹರಾಜಿನ ಕಾಲದಲ್ಲಂತೂ ಕೇಳುವುದೇ ಬೇಡ. ‘ತಲಿ ಓಡಿಸಿ ತಗೊಂಡಾರಲೇ’ ಎಂದು ಒಬ್ಬ, ‘ಏ, ಎಲ್ಲಾ ನಸೀಬ’ ಎಂದು ಇನ್ನೊಬ್ಬ. ಬಸ್ಸು ಊರು ಸೇರುವಷ್ಟರಲ್ಲಿ ಯಾರ ದನಿ ದೊಡ್ಡದೋ ಅವನು ಗೆದ್ದಿರುತ್ತಾನೆ.

ರಜತ್ ಪಾಟಿದಾರ್ ಅವರ ಪ್ರಕರಣವನ್ನೇ ನೋಡಿ. 2022ರ ಫೆಬ್ರುವರಿಯ ಹರಾಜಿನಲ್ಲಿ ಹತ್ತು ತಂಡಗಳಲ್ಲಿ ಒಂದೂ ಅವರನ್ನು ಕೊಳ್ಳಲಿಲ್ಲ. ಕೊಳ್ಳದವರಲ್ಲಿ ಆರ್‌ಸಿಬಿಯೂ ಇತ್ತು. ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡದ್ದರಿಂದ ಆ ಜಾಗಕ್ಕೆ ಪಾಟಿದಾರ್ ಬಂದರು. ಮೇ 25ರಂದು ಕೋಲ್ಕತ್ತದಲ್ಲಿ ಲಖನೌ ವಿರುದ್ಧ 54 ಎಸೆತಗಳಲ್ಲಿ ಅಜೇಯ 112 ಹೊಡೆದರು. 2025ರಲ್ಲಿ ಅವರದೇ ನಾಯಕತ್ವದಲ್ಲಿ ಆರ್‌ಸಿಬಿ ಮೊದಲ ಬಾರಿಗೆ ಐಪಿಎಲ್ ಕಪ್ ಎತ್ತಿತು.

ಇದು ಶುದ್ಧ ನಸೀಬು ಎನ್ನಬಹುದು. ಆದರೆ ಬದಲಿ ಆಟಗಾರ ಬೇಕಾದಾಗ ಇದೇ ಹೆಸರು ಏಕೆ ನೆನಪಾಯಿತು? 2021ರಲ್ಲಿ ಪಾಟಿದಾರ್ ಇದೇ ತಂಡಕ್ಕೆ ನಾಲ್ಕು ಪಂದ್ಯ ಆಡಿದ್ದರು; ತಂಡದವರು ಅವರ ಆಟವನ್ನು ಹತ್ತಿರದಿಂದ ಕಂಡಿದ್ದರು. ಅಷ್ಟು ಕಂಡವರು ಹರಾಜಿನಲ್ಲೇ ಏಕೆ ಕೊಳ್ಳಲಿಲ್ಲ ಎಂದು ಎದುರು ಪಕ್ಷದವನು ಕೇಳಿದರೆ ಮಾತ್ರ ಉತ್ತರಿಸುವುದು ಕಷ್ಟ!

ಅದೇ ವರ್ಷ ಆರ್‌ಸಿಬಿ ಯಜುವೇಂದ್ರ ಚಹಲ್ ಅವರನ್ನು ಕೈಬಿಟ್ಟು, 10.75 ಕೋಟಿ ರೂಪಾಯಿ ಕೊಟ್ಟು ಶ್ರೀಲಂಕಾದ ಹಸರಂಗ ಅವರನ್ನು ತಂದಿತು. 6.5 ಕೋಟಿಗೆ ರಾಜಸ್ಥಾನದ ಪಾಲಾದ ಚಹಲ್ 27 ವಿಕೆಟ್ ಪಡೆದರು, ಹಸರಂಗ 26. ಅಂದಿನ ಮಟ್ಟಿಗೆ ವ್ಯವಹಾರ ಸಮಸಮ. ಮರುವರ್ಷ ಚಹಲ್‌ಗೆ 21, ಹಸರಂಗಗೆ 9. ಕೊಂಡ ದಿನದ ನಿರ್ಧಾರ ಒಂದೇ. ಆದರೆ ಒಂದು ವರ್ಷ ಅದು ಜಾಣತನವೆನಿಸಿತು, ಮರುವರ್ಷ ಪೆದ್ದತನ.

ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಎಂಟು ಮಂದಿ ಗೆಳೆಯರು ತಲಾ ಮೂರು ಸಲ ನಾಣ್ಯ ಚಿಮ್ಮಲಿ. ಒಬ್ಬನಿಗೆ ಮೂರೂ ಸಲ ತಲೆ ಬೀಳುವ ಸಾಧ್ಯತೆ ಎಂಟರಲ್ಲಿ ಒಂದು. ಎಂಟು ಮಂದಿಯಲ್ಲಿ ಒಬ್ಬನಿಗಾದರೂ ಹಾಗೆ ಬೀಳುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು. ಆ ಒಬ್ಬನನ್ನು ನಾಣ್ಯ ಚಿಮ್ಮುವುದರಲ್ಲಿ ಪ್ರವೀಣ ಎಂದು ಯಾರೂ ಹೊಗಳುವುದಿಲ್ಲ. ಮೂರು ಆಟಗಾರರನ್ನು ಸರಿಯಾಗಿ ಆರಿಸಿದ ತಂಡದ ಮಾಲೀಕನನ್ನು ಮಾತ್ರ ಪತ್ರಿಕೆಗಳು ಚಾಣಕ್ಯ ಎನ್ನುತ್ತವೆ. ಮೂರಲ್ಲ, ಮೂವತ್ತು ಆಯ್ಕೆಗಳನ್ನು, ಕೆಟ್ಟವನ್ನೂ ಸೇರಿಸಿ ನೋಡಿದರೆ ಜಾಣತನ ಇದೆಯೋ ಇಲ್ಲವೋ ಸ್ವಲ್ಪವಾದರೂ ತಿಳಿದೀತು.

ಈ ತಪ್ಪು ಹರಾಜಿಗಷ್ಟೇ ಸೀಮಿತವಲ್ಲ. ಖಾನಾಪುರದ ಹುಡುಗನೊಬ್ಬ ಬೆಳಗಾವಿಯಲ್ಲಿ ಆಯ್ಕೆಗೆಂದು ಆಡಿ, ಮೂರನೆಯ ಎಸೆತಕ್ಕೆ ಔಟಾಗಿ ಸಂಜೆಯ ಬಸ್ಸಿಗೆ ಮರಳಿದರೆ ‘ನಿನ್ನ ಕೈಲಿ ಆಗೂದಿಲ್ಲ ಬಿಡು, ಓದಕ ಕುಂಡ್ರು’ ಎನ್ನುವ ಅಪ್ಪ ಬಹಳ ಮಂದಿ. ಮೂರು ಎಸೆತ ನೋಡಿ ಹೇಳಿದ ತೀರ್ಪು ಅದು. ಹುಡುಗ ಬ್ಯಾಟನ್ನು ಅಟ್ಟಕ್ಕೆ ಹಾಕಿಬಿಡುತ್ತಾನೆ.

ಬಸ್ಸಿನ ಗೆಳೆಯರು ಬೇಕಾದರೆ ಹೀಗೆ ಮಾಡಬಹುದು. ಮುಂದಿನ ಹರಾಜಿಗೆ ಮೊದಲೇ, ಯಾರನ್ನು ಏಕೆ ಕೊಳ್ಳಬೇಕೆಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಲಿ. ಎರಡು ಸೀಸನ್ ಮುಗಿದ ಮೇಲೆ ತೆರೆದು ಅಂಕ ಹಾಕಲಿ. ಬರೆದದ್ದು ಒಂದು ಕಾರಣ, ಆಟಗಾರ ಮಿಂಚಿದ್ದು ಬೇರೊಂದು ಕಾರಣಕ್ಕೆ ಎಂದಾದರೆ ಆ ಅಂಕ ನಸೀಬಿನ ಖಾತೆಗೆ.