ವೈಟಿಂಗ್ ಲಿಸ್ಟಿನಲ್ಲಿ ಸುಮ್ಮನೆ ಕಾಯಬೇಡಿ



ಕಳೆದ ವರ್ಷ ಜುಲೈ ತಿಂಗಳ ಒಂದು ಮಂಗಳವಾರ. ಬ್ಯಾಂಕಿನ ಬಾಗಿಲು ತೆರೆದ ಕೂಡಲೇ ಒಬ್ಬ ಅಪ್ಪ, ಮಗಳು ನಮ್ಮ ಕೌಂಟರಿನ ಎದುರು ಬಂದು ನಿಂತರು. ಅಪ್ಪ ಅಡಿಕೆ ತೋಟದ ಕೆಲಸದವರು. ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಟು ಮುಗಿಸಿದವಳು. ಪಾಸ್‌ಬುಕ್ ಮುಂದಿಟ್ಟು ಅಪ್ಪ ಕೇಳಿದರು: "ಸಾರ್, ಖಾತೆಯಲ್ಲಿ ದುಡ್ಡು ಉಂಟು. ಆದ್ರೆ ಕಟ್ಟಿದ್ರೆ ಹೋಗುದಿಲ್ಲ. ಎಂತ ಆಗಿದೆ, ಒಮ್ಮೆ ನೋಡಿ."

ಮೊದಲ ಎರಡು ಅಲಾಟ್‌ಮೆಂಟಿನಲ್ಲಿ ಆ ಹುಡುಗಿಯ ಹೆಸರು ಇರಲಿಲ್ಲ. ಮೂರನೆಯದರಲ್ಲಿ ಬಂತು. ಮನೆಯವರು ಸೊಸೈಟಿಯಲ್ಲಿ ಚಿನ್ನ ಇಟ್ಟು, ಶುಕ್ರವಾರ ಫೀಸಿನ ದುಡ್ಡನ್ನು ಮಗಳ ಖಾತೆಗೆ ಹಾಕಿದರು. ಶನಿವಾರ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಮರುದಿನ ಭಾನುವಾರ. ಎರಡೂ ದಿನ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಕಟ್ಟಲು ನೋಡಿದರು. ಪ್ರತಿ ಸಲವೂ ಫೇಲ್. "ಸರ್ವರ್ ಡೌನ್ ಇರ್ಬೇಕು, ಸ್ವಲ್ಪ ಬಿಟ್ಟು ನೋಡುವ" ಅಂತ ಸೆಂಟರಿನವರು ಹೇಳಿದರು. ಸೋಮವಾರ ಸಂಜೆ ಗಡುವು ಮುಗಿಯಿತು.

ಸರ್ವರ್ ಡೌನ್ ಆಗಿರಲಿಲ್ಲ. ಅದು ಅವಳು ಎಂಟನೇ ತರಗತಿಯಲ್ಲಿರುವಾಗ ಸ್ಕಾಲರ್‌ಶಿಪ್‌ಗಾಗಿ ತೆರೆದ ಮೈನರ್ ಖಾತೆ. ಮೇ ತಿಂಗಳಲ್ಲಿ ಅವಳಿಗೆ 18 ತುಂಬಿತ್ತು. 18 ತುಂಬಿದ ಮೇಲೆ ಅಪ್ಪನ ಸಹಿ ನಡೆಯುವುದಿಲ್ಲ, ಮಗಳ ಹೊಸ ಸಹಿ, ಫೋಟೋ, ಕೆವೈಸಿ ಕೊಡಬೇಕು. ಅಲ್ಲಿಯ ತನಕ ಆ ಖಾತೆಗೆ ದುಡ್ಡು ಬರುತ್ತಿತ್ತು, ಅದರಿಂದ ಹೊರಗೆ ಹೋಗುತ್ತಿರಲಿಲ್ಲ. ಅಷ್ಟೇ ವಿಷಯ.

ಇದರಲ್ಲಿ ನಮ್ಮದೂ ತಪ್ಪಿದೆ. ಜೂನ್ ತಿಂಗಳಲ್ಲಿ ಅದೇ ಹುಡುಗಿ ಪಾಸ್‌ಬುಕ್ ಎಂಟ್ರಿ ಮಾಡಿಸಲು ಬಂದಿದ್ದಳು. ಉದ್ದ ಕ್ಯೂ ಇತ್ತು. ಎಂಟ್ರಿ ಹಾಕಿ ಕೊಟ್ಟೆವು. "ನಿಂಗೆ 18 ಆಯ್ತಲ್ಲಮ್ಮ, ಖಾತೆ ಬದಲಾಯಿಸ್ಬೇಕು" ಅಂತ ಒಂದು ಮಾತು ಹೇಳಲಿಲ್ಲ. ಮಾರ್ಕು ಇತ್ತು, ಸೀಟು ಬಂದಿತ್ತು, ದುಡ್ಡೂ ಇತ್ತು. ಆದರೂ ಸೀಟು ಹೋಯಿತು. ಅವತ್ತಿನಿಂದ ಈ ವಿಷಯ ಬರೆಯಬೇಕು ಅಂತ ಮನಸ್ಸಿನಲ್ಲಿತ್ತು.

ನಾವು ಬಿ.ಕಾಂ. ಸೇರಿದ್ದು ಕೂಡ ವೈಟಿಂಗ್ ಲಿಸ್ಟಿನಿಂದಲೇ. ಆಗ ಮೊಬೈಲಿಗೆ ಮೆಸೇಜ್ ಬರುವ ಕಾಲ ಅಲ್ಲ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಟೈಪ್ ಮಾಡಿದ ಹಾಳೆ, ಅದರಲ್ಲಿ ನಮ್ಮ ನಂಬರ್ 17. ಖಾಲಿ ಇದ್ದ ಸೀಟು 4. ಮನೆಗೆ ಹೋಗುವುದು ಅಂತಲೇ ಹೊರಟಿದ್ದೆವು. ಅಲ್ಲಿಯ ಅಟೆಂಡರ್ ಒಬ್ಬರು ಹೇಳಿದರು: "ಎಲ್ಲಿಗೆ ಹೋಗ್ತಿ ಮಾರಾಯ? ಇಲ್ಲೇ ಕೂತ್ಕೋ. ಕರೆದಾಗ ಇದ್ದವನಿಗೆ ಸೀಟು." ಮಧ್ಯಾಹ್ನ ಊಟ ಬಿಟ್ಟು ವರಾಂಡದಲ್ಲಿ ಕೂತೆವು. ಹೆಸರು ಕರೆಯುತ್ತಾ ಹೋದರು. ಕೆಲವರು ಬೇರೆ ಕಡೆ ಸೇರಿದ್ದರು, ಕೆಲವರು ಬಂದೇ ಇರಲಿಲ್ಲ, ಒಬ್ಬನ ಹತ್ತಿರ ಟಿ.ಸಿ. ಇರಲಿಲ್ಲ. ನಾಲ್ಕನೇ ಸೀಟು ನಮಗೆ ಸಿಕ್ಕಿತು. ಇವತ್ತು ಬ್ಯಾಂಕಿನಲ್ಲಿ ಕೂತು ನಾಲ್ಕು ಜನರ ಕೆಲಸ ಮಾಡಿಕೊಡುತ್ತಿದ್ದೇವೆ ಅಂದರೆ ಅದಕ್ಕೆ ಆ ಅಟೆಂಡರ್ ಅಣ್ಣನ ಒಂದು ಮಾತು ಕಾರಣ.

ಅದಕ್ಕೇ ಹೇಳುತ್ತಿದ್ದೇವೆ: ವೈಟಿಂಗ್ ಲಿಸ್ಟ್ ಅಂದ್ರೆ "ಇಲ್ಲ" ಅಂತ ಅಲ್ಲ. ಕರೆ ಬಂದ ದಿನ ತಯಾರಾಗಿ ಇದ್ದವರಿಗೆ ಸೀಟು. ನಮ್ಮ ಗಡಿ ತಾಲೂಕುಗಳ ಮಕ್ಕಳು ಸೋಲುವುದು ಹೆಚ್ಚಾಗಿ ಮಾರ್ಕಿನಲ್ಲಿ ಅಲ್ಲ, ಈ ತಯಾರಿಯಲ್ಲಿ.

ಪಟ್ಟಿ ಮುಂದೆ ಹೋಗುವುದು ಯಾಕೆ?

ಒಬ್ಬನೇ ಹುಡುಗ ಐದಾರು ಕಡೆ ಅರ್ಜಿ ಹಾಕಿರುತ್ತಾನೆ. ಎಲ್ಲಾ ಪಟ್ಟಿಯಲ್ಲೂ ಅವನ ಹೆಸರು ಮೇಲೆಯೇ ಇರುತ್ತದೆ. ಆದರೆ ಅವನು ಕೂರುವುದು ಒಂದೇ ಸೀಟಿನಲ್ಲಿ. ಮೆಡಿಕಲ್, ಇಂಜಿನಿಯರಿಂಗ್, ನರ್ಸಿಂಗ್ ಅಲಾಟ್‌ಮೆಂಟ್ ಆಗುತ್ತಾ ಹೋದ ಹಾಗೆ ಡಿಗ್ರಿ ಕಾಲೇಜಿನ ಸೀಟುಗಳು ಖಾಲಿಯಾಗುತ್ತವೆ. ಆದ್ದರಿಂದ ಮೊದಲ ಪಟ್ಟಿ ನೋಡಿ ಅಳುತ್ತಾ ಕೂರುವುದು ಬೇಡ.

ಇನ್ನೊಂದು ವಿಷಯ: ನಿಮ್ಮ ಒಟ್ಟು ರ‍್ಯಾಂಕ್ ಒಂದನ್ನೇ ನೋಡಬೇಡಿ. ಮೀಸಲಾತಿ ವರ್ಗಕ್ಕೆ ಬೇರೆ ಕ್ಯೂ, ಕ್ರೀಡಾ ಕೋಟಾಕ್ಕೆ ಬೇರೆ ಕ್ಯೂ. ಬ್ಯಾಂಕಿನಲ್ಲಿ ಕ್ಯಾಶಿಗೆ ಒಂದು ಟೋಕನ್, ಸಾಲಕ್ಕೆ ಇನ್ನೊಂದು ಟೋಕನ್ ಇದ್ದ ಹಾಗೆ. ನೀವು ನಿಂತದ್ದು ಯಾವ ಕ್ಯೂನಲ್ಲಿ, ನಿಮ್ಮ ಮುಂದೆ ಎಷ್ಟು ಜನ ಅನ್ನುವುದೇ ಲೆಕ್ಕ.

ಯಾವ ಬಟನ್ ಒತ್ತಿದರೆ ಏನು?

ಪ್ರತಿ ರಾಜ್ಯದಲ್ಲೂ ಪದ್ಧತಿ ಬೇರೆ, ಭಾಷೆ ಬೇರೆ. ಕಾಸರಗೋಡಿನಲ್ಲಿ ಸೂಚನೆ ಮಲಯಾಳದಲ್ಲಿ ಬರುತ್ತದೆ, ಜತ್ತ, ಅಕ್ಕಲಕೋಟೆಯಲ್ಲಿ ಮರಾಠಿಯಲ್ಲಿ, ತಾಳವಾಡಿಯಲ್ಲಿ ತಮಿಳಿನಲ್ಲಿ, ಮಡಕಶಿರಾದಲ್ಲಿ ತೆಲುಗಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಮಗು ಇದನ್ನು ಅರ್ಧ ಅರ್ಥ ಮಾಡಿಕೊಂಡು ಬಟನ್ ಒತ್ತುತ್ತದೆ. ಎಡವುವುದು ಅಲ್ಲೇ.

ಕೇರಳದ ವಿಶ್ವವಿದ್ಯಾಲಯಗಳ ಏಕಜಾಲಕದಲ್ಲಿ ನಾಲ್ಕನೇ ಆಯ್ಕೆ ಸಿಕ್ಕಿದೆ ಅಂತ ಇಟ್ಟುಕೊಳ್ಳಿ. "ನಂಗೆ ಒಂದನೆಯದೇ ಬೇಕು" ಅಂತ ಫೀಸು ಕಟ್ಟದೆ ಕೂತರೆ ಸಿಕ್ಕಿದ್ದೂ ಹೋಗುತ್ತದೆ, ಮುಂದಿನ ಅಲಾಟ್‌ಮೆಂಟಿನಿಂದಲೂ ಹೊರಗೆ. ಫೀಸು ಕಟ್ಟಿ, ಮೇಲಿನ ಆಯ್ಕೆಗಳನ್ನು ಹಾಗೇ ಉಳಿಸಿಕೊಳ್ಳಬೇಕು. ಸಿಕ್ಕಿದ್ದೇ ಸಾಕು ಅನ್ನುವವರು ಮೇಲಿನ ಆಯ್ಕೆಗಳನ್ನು ರದ್ದು ಮಾಡಬೇಕು. ಇಲ್ಲವಾದರೆ ಮೇಲಿನದು ಬಂದಾಗ ಕೆಳಗಿನದು ತನ್ನಿಂದ ತಾನೇ ಹೋಗುತ್ತದೆ, ಆಮೇಲೆ ಕೇಳಿದರೂ ಸಿಗುವುದಿಲ್ಲ.

ಕರ್ನಾಟಕದ ಕೆ.ಇ.ಎ. ಕೌನ್ಸೆಲಿಂಗ್‌ನಲ್ಲಿ ಚಾಯ್ಸ್ 1ರಿಂದ 4ರ ತನಕ ಇವೆ. ಇದರಲ್ಲಿ ಮಕ್ಕಳು ಗಲಿಬಿಲಿ ಆಗುವುದು 3 ಮತ್ತು 4ರ ನಡುವೆ. ಎರಡರಲ್ಲೂ "ಈ ಸೀಟು ಬೇಡ" ಅಂತಲೇ ಇದೆ. ಆದರೆ 3 ಅಂದರೆ ಈ ಸೀಟು ಬೇಡ, ಮುಂದಿನ ಸುತ್ತಿಗೆ ಕ್ಯೂನಲ್ಲಿ ಇರುತ್ತೇನೆ ಅಂತ. 4 ಅಂದರೆ ಕ್ಯೂ ಬಿಟ್ಟು ಮನೆಗೆ ಹೋಗುತ್ತೇನೆ ಅಂತ.

ತೆಲಂಗಾಣದ ದೋಸ್ತ್ ಪದ್ಧತಿಯಲ್ಲಿ ಸೀಟು ಬಂದ ಮೇಲೆ ಆನ್‌ಲೈನ್ ಸೆಲ್ಫ್ ರಿಪೋರ್ಟಿಂಗ್ ಮಾಡದಿದ್ದರೆ ಸೀಟು ರದ್ದು. ಮಹಾರಾಷ್ಟ್ರದ ಹನ್ನೊಂದನೇ ತರಗತಿ ಪ್ರವೇಶದಲ್ಲಿ ಮೊದಲ ಆಯ್ಕೆಯ ಕಾಲೇಜೇ ಸಿಕ್ಕಿದರೆ ಸೇರಲೇಬೇಕು, ಬಿಟ್ಟರೆ ಮುಂದಿನ ಸುತ್ತುಗಳಿಗೆ ಇಲ್ಲ. ಆದ್ದರಿಂದ "ಸುಮ್ನೆ ಒಂದು ಹೆಸರು ಹಾಕುವ" ಅಂತ ಒಂದನೇ ಸ್ಥಾನದಲ್ಲಿ ಯಾವುದನ್ನೋ ತುಂಬಬೇಡಿ. ಸಣ್ಣ ಪುಟ್ಟ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಆ ವರ್ಷದ ಸೂಚನಾ ಪುಸ್ತಿಕೆಯನ್ನು, ಭಾಷೆ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೂರ್ತಿ ಓದಿ.

ನಮ್ಮದೇ ಒಂದು ಬಾಗಿಲು

ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡು ಕನ್ನಡಿಗ ಅಂತ ಒಂದು ಅವಕಾಶ ಇದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳು ಅದರಲ್ಲಿ ಬರುತ್ತವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಉಳಿದ ಕಡೆಯವರಿಗೆ ಹೊರನಾಡು ಕನ್ನಡಿಗ ಅಂತ ಇನ್ನೊಂದು ಕಲಂ ಇದೆ. ಎರಡಕ್ಕೂ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಪರೀಕ್ಷೆ ಕಷ್ಟದ್ದಲ್ಲ, ಕನ್ನಡ ಓದಲು ಬರೆಯಲು ಬರುವವರಿಗೆ ಆರಾಮ.

ಆದರೂ ಇಲ್ಲಿ ನಮ್ಮ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಅರ್ಜಿ ತುಂಬುವಾಗಲೇ ಆ ಕಲಂ ಗುರುತು ಹಾಕಬೇಕು ಅಂತ ಗೊತ್ತಿರುವುದಿಲ್ಲ. ಗೊತ್ತಿದ್ದವರು ವಾಸದ ಸರ್ಟಿಫಿಕೇಟು, ಶಾಲೆಯ ಓದಿನ ಸರ್ಟಿಫಿಕೇಟು ಮಾಡಿಸಲು ರಿಸಲ್ಟ್ ಬಂದ ಮೇಲೆ ಓಡುತ್ತಾರೆ. ವಿಲೇಜ್ ಆಫೀಸು, ತಹಸೀಲು, ಅಕ್ಷಯ, ಸೇತು, ಇ-ಸೇವೈ, ಮೀ ಸೇವಾ, ಯಾವ ಹೆಸರಿದ್ದರೂ ಜೂನ್ ತಿಂಗಳಲ್ಲಿ ಅಲ್ಲಿ ಕ್ಯೂ ಒಂದೇ. ಈ ಕಾಗದಗಳನ್ನು ಜನವರಿ, ಫೆಬ್ರವರಿಯಲ್ಲೇ ಮಾಡಿಸಿ ಇಡಿ.

ಒರಿಜಿನಲ್ ಸರ್ಟಿಫಿಕೇಟು ಎಲ್ಲಿದೆ?

ವೈಟಿಂಗ್ ಲಿಸ್ಟಿನಲ್ಲಿದ್ದವರು ಎಲ್ಲಿಗೂ ಬೇಡ ಅಂತ ಒಂದು ಖಾಸಗಿ ಕಾಲೇಜಿನಲ್ಲಿ ಸೇರಿಕೊಳ್ಳುತ್ತಾರೆ. ಆಗಸ್ಟಿನಲ್ಲಿ ಬೇಕಾದ ಕಡೆಯಿಂದ ಕರೆ ಬರುತ್ತದೆ. ಆಗ ಇಲ್ಲಿಯವರು "ಮೂರು ವರ್ಷದ ಫೀಸು ಕಟ್ಟು, ಸರ್ಟಿಫಿಕೇಟ್ ಕೊಡ್ತೇವೆ" ಅಂದರೆ ಏನು ಮಾಡುವುದು?

ಯು.ಜಿ.ಸಿ. 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ ನೆನಪಿಡಿ. ಕಾಲೇಜು ಮಾರ್ಕ್ಸ್ ಕಾರ್ಡಿನಂಥ ಒರಿಜಿನಲ್‌ಗಳನ್ನು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ. ಪ್ರವೇಶದ ಕೊನೇ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಬಿಟ್ಟರೆ ಪೂರ್ತಿ ಫೀಸು ವಾಪಸ್, ಅದರಲ್ಲಿ ಪ್ರೊಸೆಸಿಂಗ್ ಅಂತ ಹಿಡಿಯುವುದು ಹೆಚ್ಚೆಂದರೆ 5 ಶೇಕಡಾ, 5,000 ರೂಪಾಯಿ ಮೀರದ ಹಾಗೆ. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ 90 ಶೇಕಡಾ. ಕೊನೇ ದಿನಾಂಕ ಕಳೆದು 15 ದಿನದ ಒಳಗೆ 80, ಆಮೇಲೆ 30 ದಿನದ ತನಕ 50. ಅದರ ನಂತರ ಇಲ್ಲ. ಬಿಡುವಾಗ ಬಾಯಿಮಾತಿನಲ್ಲಿ ಹೇಳಬೇಡಿ. ತಾರೀಕು ಹಾಕಿ ಬರೆದು ಕೊಡಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಎಷ್ಟು ಶೇಕಡಾ ಅನ್ನುವುದು ಆ ತಾರೀಕಿನ ಮೇಲೆ ಹೋಗುತ್ತದೆ.

ಈಗ ನಮ್ಮ ಕೌಂಟರಿನ ಮಾತು

ಬ್ಯಾಂಕಿನ ಕೆಲಸಗಳನ್ನು ಮೇ ತಿಂಗಳಲ್ಲೇ ಮುಗಿಸಿ.

18 ತುಂಬಿದ್ದರೆ ಮೈನರ್ ಖಾತೆಯನ್ನು ಬದಲಾಯಿಸಿ. ಆಧಾರ್, ಪ್ಯಾನ್, ಎರಡು ಫೋಟೋ ತನ್ನಿ. ಪ್ಯಾನ್ ಇಲ್ಲದಿದ್ದರೆ ಅದರ ಬದಲು ಯಾವ ಫಾರ್ಮ್ ಕೊಡಬೇಕು ಅಂತ ಕೇಳಿ.

ಎರಡು ವರ್ಷ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯ ಆಗುತ್ತದೆ. ಒಂದು ನೂರು ರೂಪಾಯಿ ಹಾಕಿ, ತೆಗೆದು, ನಡೆಯುತ್ತದಾ ನೋಡಿ.

ಕಾಗದ ಪೂರ್ತಿ ಕೊಡದೆ ತೆರೆದ ಸ್ಮಾಲ್ ಅಕೌಂಟ್ ಆದರೆ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಹೊರಗೆ ಹೋಗುವುದಿಲ್ಲ, 50,000ಕ್ಕಿಂತ ಹೆಚ್ಚು ಬ್ಯಾಲೆನ್ಸ್ ಇಡಲೂ ಆಗುವುದಿಲ್ಲ. ಕೆವೈಸಿ ಪೂರ್ತಿ ಮಾಡಿಸಿ.

ಹೊಸ ಫೋನಿಗೆ ಯುಪಿಐ ಹಾಕಿದರೆ ಮೊದಲ 24 ಗಂಟೆ 5,000 ರೂಪಾಯಿ ತನಕ ಮಾತ್ರ ಕಳಿಸಬಹುದು. ಫೀಸು ಕಟ್ಟುವ ದಿನ ಹೊಸ ಫೋನ್ ತರಬೇಡಿ.

ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ಇಲ್ಲ. ಗಡುವಿನ ತಾರೀಕನ್ನು ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿ. ಪೇಮೆಂಟ್ ಎರಡು ಸಲ ಫೇಲ್ ಆದರೆ ಮೂರನೇ ಸಲ ಒತ್ತುವ ಮೊದಲು ಕಾರಣ ಕೇಳಿ. ಮನೆಯವರ, ನೆಂಟರ ಬೇರೆ ಖಾತೆಯಿಂದ ಕಟ್ಟಲು ದಾರಿ ಇದೆಯಾ ನೋಡಿ. ಆ ಭಾನುವಾರ ಯಾರಾದರೂ ಇಷ್ಟು ಹೇಳಿದ್ದರೆ ಆ ಹುಡುಗಿಯ ಸೀಟು ಉಳಿಯುತ್ತಿತ್ತು.

ಕೊನೆಯ ಮಾತು ದೊಡ್ಡವರಿಗೆ, ಅಂದರೆ ನಮಗೇ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳುತ್ತದೆ. ಕನ್ನಡ ಶಾಲೆ ಉಳಿಯಲಿ ಅಂತ ನಾವು ಧರಣಿ ಕೂತಿದ್ದೇವೆ, ಮನವಿ ಕೊಟ್ಟಿದ್ದೇವೆ. ಕೊಡಲೇಬೇಕು. ಆದರೆ ಅದೇ ಶಾಲೆಯಲ್ಲಿ ಓದಿದ ಮಗು ಹನ್ನೆರಡನೇ ತರಗತಿ ದಾಟಿ, ಗೊತ್ತಿಲ್ಲದ ಭಾಷೆಯ ಪರದೆಯ ಎದುರು ಒಂಟಿಯಾಗಿ ಕೂತಾಗ ನಾವು ಎಲ್ಲಿರುತ್ತೇವೆ? "ಕನ್ನಡ ಮೀಡಿಯಂಗೆ ಹಾಕಿದ್ದೇ ತಪ್ಪಾಯ್ತು" ಅಂತ ಆ ಅಪ್ಪ ಅವತ್ತು ಬ್ಯಾಂಕಿನ ಮೆಟ್ಟಿಲು ಇಳಿಯುತ್ತಾ ಹೇಳಿದರು. ತಪ್ಪು ಕನ್ನಡದ್ದಲ್ಲ ಅಂತ ನಮಗೆ ಗೊತ್ತು. ಆದರೆ ಆ ಹೊತ್ತಿನಲ್ಲಿ ಅವರಿಗೆ ಹೇಳಲು ನಮ್ಮ ಬಾಯಲ್ಲಿ ಮಾತಿರಲಿಲ್ಲ.

ಆದ್ದರಿಂದ ಕೇಳುವುದು ಇಷ್ಟೇ. ಈಗಾಗಲೇ ಕಾಲೇಜು ಸೇರಿದ ನೀವು ಪ್ರತಿಯೊಬ್ಬರೂ ಈ ವರ್ಷ ನಿಮ್ಮೂರಿನ ಒಂದು ಮಗುವಿನ ಜೊತೆ ಕೂರಿ. ಅರ್ಜಿ ತುಂಬಿದ ದಿನದಿಂದ ಕಾಲೇಜಿನ ಗೇಟು ದಾಟುವ ದಿನದ ತನಕ. ಮೆಸೇಜ್ ಓದಿ ಅರ್ಥ ಹೇಳಿ, ತಾರೀಕು ನೆನಪು ಮಾಡಿ, ಬಟನ್ ಒತ್ತುವಾಗ ಪಕ್ಕದಲ್ಲಿರಿ. ನಾವೂ ಒಂದು ಕೆಲಸ ಶುರು ಮಾಡಿದ್ದೇವೆ. ಪ್ಲಸ್ ಟು ಮಕ್ಕಳ ಪಾಸ್‌ಬುಕ್ ಕೈಗೆ ಬಂದರೆ, ಕ್ಯೂ ಎಷ್ಟೇ ಉದ್ದ ಇರಲಿ, ಮೊದಲು ಹುಟ್ಟಿದ ತಾರೀಕು ನೋಡುತ್ತೇವೆ.

ಆ ಹುಡುಗಿ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾಳೆ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ, ವೈಟಿಂಗ್ ಲಿಸ್ಟಿನಲ್ಲಿದ್ದಾಳೆ. ಖಾತೆ ಸರಿಯಾಗಿದೆ, ಕಾಗದ ಎಲ್ಲ ಫೈಲಿನಲ್ಲಿದೆ. ಮುಂದಿನ ಪಟ್ಟಿ ಬರುವ ದಿನ ನಮ್ಮ ಫೋನೂ ಆನ್ ಇರುತ್ತದೆ.