ನಮ್ಮ ಮಾತಿಗೆ ಬಸವಣ್ಣನವರ ಅಂಕಿತವೇಕೆ?

ನಾನಿರುವ ಮಡಂತ್ಯಾರಿನ ಆಸುಪಾಸಿನಲ್ಲಿ ಲಿಂಗಾಯತರ ಮನೆಗಳು ವಿರಳ. ಹೀಗಾಗಿ ವಾಟ್ಸಾಪ್ ಬಳಗವೇ ನನ್ನ ನಿತ್ಯದ ಶರಣಸಂಗ. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಧೈರ್ಯ ತುಂಬುವ ಒಂದು ಸಾಲು ಬರೆದು, ಬಸವಣ್ಣನವರ ಭಾವಚಿತ್ರದೊಡನೆ ಕಳಿಸುವುದು ನನ್ನ ರೂಢಿ. “ನಾನು ಸಮರ್ಥ, ಇಂದಿನ ಗೆಲುವು ನನ್ನದೇ” ಎಂದೊಮ್ಮೆ ಬರೆದೆ. ಕೆಲವು ತಿಂಗಳ ಬಳಿಕ ಅದೇ ಸಾಲು ಬೇರೊಂದು ಬಳಗದಿಂದ ಮರಳಿ ಬಂತು. ಕೊನೆಗೆ ‘ಕೂಡಲಸಂಗಮದೇವ’ ಎಂಬ ಅಂಕಿತ ಸೇರಿತ್ತು! ಸೇರಿಸಿದವರು ಯಾರೋ, ದಾರಿ ಮಾಡಿಕೊಟ್ಟದ್ದು ನಾನು ಹಾಕಿದ ಚಿತ್ರ.

ಫ.ಗು. ಹಳಕಟ್ಟಿಯವರು ಮಠ–ಮನೆಗಳನ್ನು ಅಲೆದು ತಾಳೆಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅಂಥ ತ್ಯಾಗದಿಂದ ಉಳಿದ ವಚನಗಳ ನಡುವೆ ನಮ್ಮ ಸಾಲು ನುಸುಳುವುದು ಸಣ್ಣ ತಪ್ಪಲ್ಲ. ಅಂಕಿತ ಅಲಂಕಾರವಲ್ಲ, ಅದು ನುಡಿದವರ ಹೊಣೆ. ಮೇಲಾಗಿ, ಶರಣರು ತಮ್ಮನ್ನು ತಾವೇ ಹೊಗಳಿಕೊಂಡು ಬಲ ಪಡೆದವರಲ್ಲ. ತಮ್ಮ ಕುಂದನ್ನು ಕಂಡು ತಿದ್ದಿಕೊಂಡು ಬಲಗೊಂಡವರು. ನನ್ನ ಆ ಸಾಲಿನಲ್ಲಿ ‘ನಾನು’ ಎಂಬುದೇ ತುಂಬಿತ್ತು.

ಒಳ್ಳೆಯ ಮಾತು ಬರೆಯಬಾರದೆಂದಲ್ಲ. ಕುಗ್ಗಿದವರಿಗೆ ಬೆಳಗಿನ ಒಂದು ನುಡಿಯೂ ಆಸರೆ. ಬರೆಯೋಣ, ಕೆಳಗೆ ನಮ್ಮ ಹೆಸರೇ ಇರಲಿ. ವಚನವನ್ನೇ ಕಳಿಸುವುದಾದರೆ ರಾಜ್ಯ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ನೋಡಿ ಕಳಿಸೋಣ. ‘ಇದು ವಚನವಲ್ಲ, ನಾನು ಬರೆದದ್ದು’ ಎಂದು ಎರಡೂ ಬಳಗಗಳಿಗೆ ತಿಳಿಸಿದ್ದೇನೆ. ಅದು ಮುಟ್ಟದ ಕಡೆಯೂ ಆ ಸಾಲು ಹೋಗಿರಬಹುದು. ಅದಕ್ಕೇ ಇಲ್ಲಿಯೂ ಬರೆದೆ.