ಹದಿನೈದು ಗಂಟೆಯ ಆಯುಸ್ಸು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ನೆಲೆಸಿದ ‘ಗೇಮ್ಸ್ ವರ್ಕ್‌ಷಾಪ್’ ಎಂಬ ಸಂಸ್ಥೆ ೧೯೮೭ರಲ್ಲಿ ಮೇಜಿನ ಮೇಲೆ ಆಡುವ ಯುದ್ಧದಾಟವೊಂದನ್ನು ಹೊರತಂದಿತು. ಬೆರಳುದ್ದದ ಸೈನಿಕರ ಬೊಂಬೆಗಳು, ಒಂದಷ್ಟು ದಾಳಗಳು, ಅಳತೆಯ ಪಟ್ಟಿ, ನಿಯಮಗಳ ದಪ್ಪ ಪುಸ್ತಕ — ಇಷ್ಟೇ ಅದರ ಸಾಮಗ್ರಿ. ‘ವಾರ್‌ಹ್ಯಾಮರ್ ೪೦,೦೦೦’ ಎಂಬ ಈ ಆಟದ ಹೆಸರಿನಲ್ಲಿ ಮುಂದೆ ನೂರಾರು ಕಾದಂಬರಿಗಳು ಹುಟ್ಟಿಕೊಂಡವು. ಬೊಂಬೆ ಮಾರುವವರ ಅಂಗಡಿಯಿಂದ ಸಾಹಿತ್ಯ ಬಂದೀತೆ ಎಂದು ಮೂಗು ಮುರಿಯುವವರು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಅವರ ಸಂಶಯ ತೀರ ನಿರಾಧಾರವೇನಲ್ಲ. ಬಂದ ಪುಸ್ತಕಗಳಲ್ಲಿ ಬಹುಪಾಲು ಬೊಂಬೆಗಳ ಜಾಹೀರಾತೇ ಸರಿ. ಆದರೆ ಆ ರಾಶಿಯ ಅಡಿಯಲ್ಲಿ, ಸಾಕಷ್ಟು ಓದುಗರನ್ನು ಕಾಣದೆ ಉಳಿದ ಕೆಲವು ಕೃತಿಗಳಿವೆ. ಅವು ಯಾವ ಅಳತೆಗೋಲಿನಿಂದ ಅಳೆದರೂ ಕಾದಂಬರಿಗಳೇ.

ಆ ಲೋಕದ ಪರಿಚಯವಿಲ್ಲದವರಿಗೆ ನಾಲ್ಕು ಮಾತು. ಕಾಲ ನಲವತ್ತೊಂದನೆಯ ಸಹಸ್ರಮಾನ. ಮನುಷ್ಯ ಹತ್ತು ಲಕ್ಷ ಲೋಕಗಳನ್ನು ಆಕ್ರಮಿಸಿಕೊಂಡಿದ್ದಾನೆ. ಆದರೆ ಅರಿವನ್ನು ಕಳೆದುಕೊಂಡಿದ್ದಾನೆ. ಯಂತ್ರ ಏಕೆ ನಡೆಯುತ್ತದೆ ಎಂಬುದು ಬಹುತೇಕ ಯಾರಿಗೂ ತಿಳಿಯದು. ಪುರೋಹಿತರು ಅದಕ್ಕೆ ಎಣ್ಣೆ ಹಚ್ಚಿ ಮಂತ್ರ ಹೇಳುತ್ತಾರೆ. ಚಕ್ರವರ್ತಿಯೊಬ್ಬನಿದ್ದಾನೆ. ಹತ್ತು ಸಾವಿರ ವರ್ಷಗಳಿಂದ ಸುವರ್ಣ ಸಿಂಹಾಸನದ ಮೇಲೆ ಸಾಯದೆ, ಬದುಕದೆ ಕುಳಿತಿರುವ ಅವನಿಗಾಗಿ ಅತೀಂದ್ರಿಯ ಶಕ್ತಿಯುಳ್ಳ ಸಾವಿರ ಜನರ ಪ್ರಾಣ ಪ್ರತಿದಿನವೂ ವ್ಯಯವಾಗುತ್ತದೆ. ಪ್ರಶ್ನೆ ಕೇಳುವುದು ಪಾಷಂಡತನ. ಅದಕ್ಕೆ ಶಿಕ್ಷೆ ಬೆಂಕಿ. ಹೊರಗೆ ರಾಕ್ಷಸರು, ಒಳಗೆ ಗೂಢಚಾರರು, ನಡುವೆ ಮುಗಿಯದ ಯುದ್ಧ. ಇದನ್ನು ಮೊದಲು ಕಲ್ಪಿಸಿದ ರಿಕ್ ಪ್ರೀಸ್ಟ್ಲಿ ಮತ್ತು ಅವನ ಸಂಗಡಿಗರ ಮನಸ್ಸಿನಲ್ಲಿ ನಗೆಯೂ ಇತ್ತು. ಇದು ಆದರ್ಶ ರಾಜ್ಯವಲ್ಲ, ವಿಡಂಬನೆ.

ವಿಡಂಬನೆಯನ್ನು ವಿಡಂಬನೆಯೆಂದು ತಿಳಿಯದವರು ಎಲ್ಲ ಕಾಲದಲ್ಲಿಯೂ ಇರುತ್ತಾರಷ್ಟೆ. ೨೦೨೧ರಲ್ಲಿ ಸ್ಪೇನ್ ದೇಶದ ಪಂದ್ಯವೊಂದಕ್ಕೆ ಆಟಗಾರನೊಬ್ಬ ನಾಜಿ ಚಿಹ್ನೆಗಳನ್ನು ಧರಿಸಿ ಬಂದ. ಅದೇ ವರ್ಷ ನವೆಂಬರಿನಲ್ಲಿ ಗೇಮ್ಸ್ ವರ್ಕ್‌ಷಾಪ್ ಸಂಸ್ಥೆಯೇ ಮುಂದೆ ಬಂದು, ಕಥೆಯ ಸಾಮ್ರಾಜ್ಯ ಅನುಕರಣೀಯವಲ್ಲವೆಂದೂ ದ್ವೇಷದ ಚಿಹ್ನೆ ತೊಟ್ಟವರಿಗೆ ತನ್ನ ಪಂದ್ಯಗಳಲ್ಲಿ ಸ್ಥಳವಿಲ್ಲವೆಂದೂ ಬಾಯಿಬಿಟ್ಟು ಹೇಳಬೇಕಾಯಿತು. ಇಂಥ ಮಾತನ್ನು ಪ್ರಕಟಣೆಯಲ್ಲಿ ಹೇಳಬೇಕಾಗಿ ಬಂದುದು ಸಂಸ್ಥೆಯ ದುರದೃಷ್ಟ ಮಾತ್ರವಲ್ಲ. ಅದರ ಪುಸ್ತಕಗಳ ದೋಷವೂ ಅದರಲ್ಲಿ ಅಡಗಿದೆ. ಹೆಚ್ಚು ಮಾರಾಟವಾಗುವ ಕಾದಂಬರಿಗಳ ನಾಯಕರು ಎಂಟಡಿ ಎತ್ತರದ ಕವಚಧಾರಿ ಮಹಾವೀರರು. ಅವರ ಭುಜದ ಮೇಲೆ ಕುಳಿತು ನೋಡಿದರೆ ಯಾವ ಕ್ರೌರ್ಯವೂ ಪರಾಕ್ರಮದಂತೆಯೇ ಕಂಡೀತು. ೨೦೦೬ರಿಂದ ೨೦೨೪ರವರೆಗೆ ಬೆಳೆದ ‘ಹೋರಸ್ ಹೆರೆಸಿ’ ಮಾಲಿಕೆಯೊಂದೇ ಅರುವತ್ತು ಸಂಪುಟಗಳನ್ನು ದಾಟಿದೆ. ಅದರ ನೆರಳಿನಲ್ಲಿ ಬಿಡಿ ಕಾದಂಬರಿಗಳು ಬಾಡಿದುದು ಸೋಜಿಗವಲ್ಲ.

ಅಂಥ ಬಿಡಿ ಕಾದಂಬರಿಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಮಿಚೆಲ್ ಸ್ಕ್ಯಾನ್ಲನ್ ೨೦೦೫ರಲ್ಲಿ ಬರೆದ ‘ಫಿಫ್ಟೀನ್ ಅವರ್ಸ್’. ಆರ್ವಿನ್ ಲಾರ್ನ್ ಎಂಬ ರೈತನ ಮಗ, ಮೀಸೆ ಚಿಗುರುವ ವಯಸ್ಸಿನವ, ಸೈನ್ಯದ ಕರೆ ಬಂದಾಗ ಹೊಲವನ್ನೂ ತಂದೆತಾಯಿಯರನ್ನೂ ಬಿಟ್ಟು ಹೊರಡುತ್ತಾನೆ. ಸಾಮ್ರಾಜ್ಯದ ಕಚೇರಿ ಅಪಾರವಾದದ್ದು. ಅಲ್ಲಿ ಒಂದು ಕಾಗದದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ತಪ್ಪಿನ ಫಲವಾಗಿ ಲಾರ್ನನ ದಳ ಇಳಿಯಬೇಕಾದ ಲೋಕದಲ್ಲಿ ಇಳಿಯದೆ, ಬ್ರೂಷೆರೋಕ್ ಎಂಬ ಮುತ್ತಿಗೆ ಬಿದ್ದ ನಗರದ ಮುಂದೆ ಬಂದು ಬೀಳುತ್ತದೆ. ಆ ನಗರದ ಕಂದಕಗಳಲ್ಲಿ ಹೊಸ ಸೈನಿಕನೊಬ್ಬ ಸರಾಸರಿ ಎಷ್ಟು ಹೊತ್ತು ಬದುಕುತ್ತಾನೆಂಬ ಲೆಕ್ಕವೇ ಪುಸ್ತಕದ ಹೆಸರು. ಬಂದಿಳಿದ ಕೆಲವೇ ನಿಮಿಷಗಳಲ್ಲಿ ಲಾರ್ನನ ಸಂಗಡಿಗರು ಇಲ್ಲವಾಗುತ್ತಾರೆ. ವಾರ್ಡನ್ ಎಂಬ ಬೇರೊಂದು ದಳದ ಹಳಬರ ನಡುವೆ ಅವನೊಬ್ಬನೇ ಉಳಿಯುತ್ತಾನೆ. ಅವರಿಗೆ ಅವನು ಬರಿಯ ಹೊಸಬ. ಅವರದು ಕ್ರೂರ ಮನಸ್ಸಲ್ಲ. ನಾಳೆ ಇರದವನ ಮೇಲೆ ಮಮತೆ ಬೆಳೆಸಿ ಅಳುವ ಶಕ್ತಿ ಅವರಲ್ಲಿ ಉಳಿದಿಲ್ಲ.

ಭಾರತದ ಕಥೆ ಓದಿದವರಿಗೆ ಒಂದು ಅಕ್ಷೌಹಿಣಿಯ ಲೆಕ್ಕ ಗೊತ್ತು: ರಥ ೨೧,೮೭೦, ಆನೆ ಅಷ್ಟೇ, ಕುದುರೆ ೬೫,೬೧೦, ಕಾಲಾಳು ೧,೦೯,೩೫೦. ಹದಿನೆಂಟು ಅಕ್ಷೌಹಿಣಿ ಕುರುಕ್ಷೇತ್ರದಲ್ಲಿ ಸೇರಿತು. ರಥಿಕರ ಹೆಸರು ಕೂಸುಗಳ ಬಾಯಲ್ಲಿಯೂ ಇದೆ. ಆ ಕಾಲಾಳುಗಳಲ್ಲಿ ಒಬ್ಬನ ಹೆಸರನ್ನಾದರೂ ಬಲ್ಲವರುಂಟೆ? ಸ್ಕ್ಯಾನ್ಲನ್ ಮಾಡಿದ್ದು ಇಷ್ಟೇ: ಕಾಲಾಳೊಬ್ಬನನ್ನು ಆರಿಸಿ, ಅವನಿಗೆ ಹೆಸರು ಕೊಟ್ಟು, ಗಂಟೆ ಗಂಟೆಗೂ ಅವನ ಜೊತೆಯಲ್ಲಿ ನಡೆದದ್ದು. ಗಡಿಯಾರ ಎಲ್ಲಿ ನಿಲ್ಲುತ್ತದೆಂಬುದನ್ನು ಇಲ್ಲಿ ಹೇಳುವುದು ಓದುಗರಿಗೆ ದ್ರೋಹ. ಭಾಷೆ ಅಲ್ಲಲ್ಲಿ ಒರಟು, ಸಂಭಾಷಣೆ ಕೆಲವೆಡೆ ಉದ್ದ. ಆದರೂ ಹಿಡಿದ ಪುಸ್ತಕವನ್ನು ಕೆಳಗಿಡಲು ಮನಸ್ಸು ಬಾರದು.

ಸ್ಟೀವ್ ಲಯನ್ಸ್‌ನ ‘ಡೆಡ್ ಮೆನ್ ವಾಕಿಂಗ್’ ೨೦೧೦ರದು. ಇದು ಇನ್ನೂ ಕಠೋರ, ಮತ್ತು ಒಂದು ದೃಷ್ಟಿಯಿಂದ ಇನ್ನೂ ಸತ್ಯ. ಹೈರೋನಿಮಸ್ ಥೀಟಾ ಎಂಬ ಗಣಿಗಳ ಲೋಕದಲ್ಲಿ ಗುಂಥರ್ ಸೊರೆಸನ್ ಎಂಬ ಸಣ್ಣ ಅಧಿಕಾರಿಗೂ ರಾಜ್ಯಪಾಲನ ಸೋದರ ಸಂಬಂಧದ ಕನ್ಯೆ ಆರೆಕ್ಸಳಿಗೂ ಪ್ರೇಮ. ಅಂತಸ್ತಿನ ಅಂತರ, ಸಂಕೋಚ, ಕಳ್ಳ ಭೇಟಿ — ವಾರಪತ್ರಿಕೆಯ ಧಾರಾವಾಹಿಗೆ ಬೇಕಾದುದೆಲ್ಲ ಆರಂಭದಲ್ಲಿಯೇ ಇದೆ. ಅಷ್ಟರಲ್ಲಿ ಗಣಿಯ ಆಳದಲ್ಲಿ ಯುಗಯುಗಗಳಿಂದ ಮಲಗಿದ್ದ ಲೋಹದೇಹಿಗಳು ಏಳುತ್ತವೆ. ರಕ್ಷಣೆಗೆ ಬರುವವರು ಕ್ರೀಗ್ ಎಂಬ ಲೋಕದ ಸೈನಿಕರು.

ಈ ಕ್ರೀಗ್ ಸೈನಿಕರ ಕಲ್ಪನೆಯೇ ಭಯಂಕರವಾದುದು. ಅವರ ಲೋಕ ಹಿಂದೊಮ್ಮೆ ಚಕ್ರವರ್ತಿಗೆ ತಿರುಗಿಬಿದ್ದಿತ್ತು. ಜುರ್ಟೆನ್ ಎಂಬ ನಿಷ್ಠಾವಂತ ಸೇನಾನಿ ಅಣ್ವಸ್ತ್ರಗಳಿಂದ ಆ ನೆಲವನ್ನೇ ಸುಟ್ಟ. ಐನೂರು ವರ್ಷ ಅಂತಃಕಲಹ ನಡೆಯಿತು. ಅಂದಿನಿಂದ ಅಲ್ಲಿ ಹುಟ್ಟಿದವರೆಲ್ಲ ಪೂರ್ವಿಕರ ಪಾಪಕ್ಕೆ ಸಾವಿನಿಂದ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಹೊರಟವರು. ವಿಷವಾಯುವಿನ ಮುಖವಾಡ ಅವರ ಮುಖವೇ ಆಗಿದೆ. ಹೆಸರಿಲ್ಲ, ಸಂಖ್ಯೆಯಿದೆ, ಮಾತು ವಿರಳ. ಆಟದ ಅಭಿಮಾನಿಗಳಲ್ಲಿ ಈ ದಳಕ್ಕೆ ಬಹಳ ಗೌರವ. ಅವರ ಬೊಂಬೆಗಳಿಗೂ ಗಿರಾಕಿಗಳು ಹೆಚ್ಚು. ಲಯನ್ಸ್ ಆ ಗೌರವವನ್ನು ಮೆಲ್ಲಗೆ ಪರೀಕ್ಷೆಗೆ ಒಡ್ಡುತ್ತಾನೆ. ಅವರೊಡನೆ ಬಹುಕಾಲ ಕಳೆದ ಕಾಸ್ಟೆಲಿನ್ ಎಂಬ ವೃದ್ಧ ಕಮಿಸಾರನ ಕಣ್ಣಿನಿಂದ ನಾವು ಅವರನ್ನು ಕಾಣುತ್ತೇವೆ. ಸೈನ್ಯದ ಶಿಸ್ತನ್ನು ಕಾಯಬೇಕಾದ ಅವನಿಗೇ, ಶಿಸ್ತು ಇಷ್ಟು ಪೂರ್ಣವಾದಾಗ ಅದರೊಳಗೆ ಮನುಷ್ಯ ಉಳಿದಿರುವನೇ ಎಂಬ ಸಂಶಯ. ಇತ್ತ ಗುಂಥರ್ ಅನಿವಾರ್ಯವಾಗಿ ಬಂದೂಕು ಹಿಡಿಯುತ್ತಾನೆ. ಪ್ರೇಯಸಿಯನ್ನು ಉಳಿಸಬೇಕೆಂದು ಯುದ್ಧಕ್ಕೆ ಇಳಿದ ಆ ಮೃದು ಹೃದಯದ ತರುಣ ಅಧ್ಯಾಯದಿಂದ ಅಧ್ಯಾಯಕ್ಕೆ ಮುಖವಾಡದವರಂತೆ ಆಗುತ್ತ ಹೋಗುವ ಪರಿಯನ್ನು ಲೇಖಕ ಎಲ್ಲಿಯೂ ದನಿಯೇರಿಸದೆ ಚಿತ್ರಿಸಿದ್ದಾನೆ. ಹೊರಗಿನ ಲೋಹದೇಹಿಗೂ ಒಳಗಿನ ಲೋಹಮನಸ್ಸಿಗೂ ವ್ಯತ್ಯಾಸವೆಷ್ಟು? ಸಾಮ್ರಾಜ್ಯವನ್ನು ಮೆಚ್ಚಿ ಚಿಹ್ನೆ ತೊಟ್ಟು ಬರುವವರ ಕೈಗೆ ಮೊದಲು ಕೊಡಬೇಕಾದ ಪುಸ್ತಕ ಇದೇ.

ಇವೆರಡಕ್ಕೂ ಹಿಂದಿನದು ಇಯನ್ ವಾಟ್ಸನ್‌ನ ‘ಇನ್‌ಕ್ವಿಸಿಟರ್’. ವಾಟ್ಸನ್ ಈ ಅಂಗಡಿಯ ಸಾಮಾನ್ಯ ಬರಹಗಾರನಲ್ಲ. ೧೯೭೩ರಲ್ಲಿ ‘ದಿ ಎಂಬೆಡಿಂಗ್’ ಎಂಬ ಮೊದಲ ಕಾದಂಬರಿಯಿಂದಲೇ ಹೆಸರು ಗಳಿಸಿದವನು. ಚಿತ್ರ ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್‌ಗಾಗಿ ಕಥೆ ಹೆಣೆದವನು. ಆ ಕಥೆ ಸ್ಪೀಲ್‌ಬರ್ಗ್‌ನ ಕೈಸೇರಿ ೨೦೦೧ರಲ್ಲಿ ‘ಎ. ಐ.’ ಎಂಬ ಚಿತ್ರವಾಯಿತು. ೧೯೯೦ರಲ್ಲಿ ಅವನು ಬರೆದ ಈ ಪುಸ್ತಕದಲ್ಲಿ ಜಾಕ್ ಡ್ರಾಕೊ ಎಂಬ ಧರ್ಮವಿಚಾರಣಾಧಿಕಾರಿ ಒಂದು ಒಳಸಂಚಿನ ಬೆನ್ನುಹತ್ತಿ ಚಕ್ರವರ್ತಿಯ ಸಿಂಹಾಸನದ ಸಮೀಪದವರೆಗೂ ಹೋಗುತ್ತಾನೆ. ಆಟದ ಪುರಾಣ ಮುಂದೆ ಬೇರೆ ದಾರಿ ಹಿಡಿದುದರಿಂದ, ಈ ಪುಸ್ತಕದ ಎಷ್ಟೋ ವಿವರಗಳು ಇಂದಿನ ಶಾಸ್ತ್ರಕ್ಕೆ ಹೊಂದುವುದಿಲ್ಲ. ಅದಕ್ಕಾಗಿಯೇ ನಿಷ್ಠಾವಂತರು ಇದನ್ನು ಪಂಕ್ತಿಯಿಂದ ಎಬ್ಬಿಸಿದ್ದಾರೆ. ಕಥೆಗೆ ಶಾಸ್ತ್ರವೋ, ಶಾಸ್ತ್ರಕ್ಕೆ ಕಥೆಯೋ ಎಂಬ ಜಗಳ ಹೊಸದಲ್ಲ. ವಾಟ್ಸನ್‌ನ ಗದ್ಯದಲ್ಲಿ ಕೊಳೆತ ಹಣ್ಣಿನ ಮಾಧುರ್ಯವಿದೆ. ಮಾಂಸ, ಧೂಪ, ಭಯ ಎಲ್ಲವೂ ಒಟ್ಟಿಗೆ ನಾರುತ್ತವೆ. ಎಲ್ಲರಿಗೂ ರುಚಿಸುವ ಅಡುಗೆಯಲ್ಲ.

ಸೈಮನ್ ಸ್ಪರಿಯರ್‌ನ ‘ಲಾರ್ಡ್ ಆಫ್ ದಿ ನೈಟ್’ (೨೦೦೫) ಮಹಾವೀರನನ್ನೇ ನಾಯಕನನ್ನಾಗಿಸಿಕೊಂಡರೂ ಅವನನ್ನು ಪೂಜಿಸುವುದಿಲ್ಲ. ಹತ್ತು ಸಾವಿರ ವರ್ಷ ಸೆರೆಯಲ್ಲಿದ್ದು ಎಚ್ಚೆತ್ತ ಸಹಾಲ್, ಕಳುವಾದ ಕಿರೀಟವೊಂದನ್ನು ಹುಡುಕುತ್ತ, ತಾನಿನ್ನೂ ಧರ್ಮಪಕ್ಷದವನೆಂದೇ ನಂಬಿ ನಗರವೊಂದರ ಕತ್ತಲೆಯಲ್ಲಿ ಕೊಲ್ಲುತ್ತ ಸಾಗುತ್ತಾನೆ. ಅವನನ್ನು ಬೆನ್ನಟ್ಟುವ ಮೀಟಾ ಎಂಬ ತರುಣಿಗೆ ತನ್ನ ಪಕ್ಷದ ಮೇಲಿನ ನಂಬಿಕೆ ಸಡಿಲುತ್ತ ಬರುತ್ತದೆ. ಪೀಟರ್ ಫೆಹೆರ್ವಾರಿಯ ‘ಫೈರ್ ಕಾಸ್ಟ್’ (೨೦೧೩) ಜವುಗು ಕಾಡಿನ ಕಥೆ. ಜೋಸೆಫ್ ಕಾನ್ರಾಡ್‌ನನ್ನು ಓದಿದವರಿಗೆ ಅದರ ನದಿಯ ಗುರುತು ಹತ್ತುತ್ತದೆ. ತೊಡಕಿನ ನಿರೂಪಣೆ, ಪಾತ್ರಗಳ ನೆರವಿ. ಎರಡನೆಯ ಓದಿಗೆ ಮಾತ್ರ ಬಿಚ್ಚಿಕೊಳ್ಳುವ ಪುಸ್ತಕ. ಅದನ್ನು ಮೊದಲೇ ಕೈಗೆತ್ತಿಕೊಂಡು ಬೇಸರಪಟ್ಟು ಇಡೀ ಲೋಕಕ್ಕೇ ಬೆನ್ನು ತಿರುಗಿಸುವುದು ಬೇಡ.

ಕೊಳ್ಳುವವರಿಗೆ ಒಂದು ಸೂಚನೆ. ‘ಫಿಫ್ಟೀನ್ ಅವರ್ಸ್’ ಪ್ರತ್ಯೇಕವಾಗಿ ಸಿಕ್ಕದಿದ್ದರೆ, ೨೦೦೮ರಲ್ಲಿ ಬಂದ ‘ಇಂಪೀರಿಯಲ್ ಗಾರ್ಡ್’ ಎಂಬ ಸಂಯುಕ್ತ ಸಂಪುಟದ ಮೊದಲ ಭಾಗದಲ್ಲಿ ಹುಡುಕಬಹುದು. ಲಯನ್ಸ್‌ನ ‘ಡೆತ್ ವರ್ಲ್ಡ್’, ಸ್ಟೀವ್ ಪಾರ್ಕರ್‌ನ ‘ರೆಬೆಲ್ ವಿಂಟರ್’ ಅದರ ಜೊತೆಯಲ್ಲಿಯೇ ಇವೆ. ಹಳೆಯ ಪುಸ್ತಕದ ಅಂಗಡಿಗಳಲ್ಲಿ, ಬಣ್ಣಬಣ್ಣದ ಮಹಾವೀರರ ಹೊದಿಕೆಗಳ ಹಿಂದೆ, ಕಂದಕದ ಕೆಸರಿನ ಬಣ್ಣದ ಬೆನ್ನುಳ್ಳ ಪುಸ್ತಕ ಕಂಡರೆ ಒಮ್ಮೆ ಎಳೆದು ನೋಡಿ.